ಪದ್ಮಿನಿಯಲ್ಲಿ ಊರಿಗೆ ಹೋಗೋದಾ, ಬೇಡ್ವಾ?

ದೀಪಾವಳಿ ಮುಗಿದು ಚಳಿ ಶುರುವಾಯಿತು ಅಂದರೆ ಹೊನ್ನಾವರದಿಂದ ಚಿಕ್ಕಪ್ಪನ ಫೋನ್ ಬರುತ್ತದೆ. ಅಡಿಕೆ ರೇಟು, ಅಮ್ಮನ ಮಂಡಿನೋವು, ಮಕ್ಕಳ ಪರೀಕ್ಷೆ ಎಲ್ಲ ವಿಚಾರಿಸಿ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ. "ಈ ಸಲ ಅಣ್ಣನ ಕಾರು ತರ್ತೀಯೇನೋ?"

ಅಣ್ಣ ಅಂದರೆ ನಮ್ಮಪ್ಪ. ಕಾರು ಅಂದರೆ 1987ರ ಪ್ರೀಮಿಯರ್ ಪದ್ಮಿನಿ. ಅಪ್ಪ ಈಗಿಲ್ಲ, ಗಾಡಿ ಇದೆ. ಬೆಂಗಳೂರಿನ ಮನೆಯ ಕೆಳಗೆ ಹೊದಿಕೆ ಹೊದ್ದು ನಿಂತಿದೆ. ಪಕ್ಕದಲ್ಲೇ ನಾವು ದಿನಾ ಓಡಿಸುವ ಏಸಿ ಕಾರು. ಹೊನ್ನಾವರಕ್ಕೆ ಹೆಚ್ಚೂಕಮ್ಮಿ 460 ಕಿಲೋಮೀಟರ್. ಯಾವ ಕೀಲಿ ಕೈಗೆ ತೆಗೆದುಕೊಳ್ಳಬೇಕು ಅನ್ನುವುದು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಗಳ.

ನಾನು ಈ ದಾರಿಯಲ್ಲಿ ಎರಡೂ ಗಾಡಿಯಲ್ಲಿ ಹೋಗಿದ್ದೇನೆ. ರೈಲಿನಲ್ಲೂ ಹೋಗಿದ್ದೇನೆ. ಒಮ್ಮೆ ಲಾರಿ ಮೇಲೆ ಗಾಡಿ ಸಾಗಿಸುವ ರೇಟೂ ವಿಚಾರಿಸಿ ಬಂದಿದ್ದೇನೆ. ಮನೆಯಲ್ಲಿ ಹೀಗೇ ಒಂದು ಪ್ರೀತಿಯ ಗಾಡಿ ಇಟ್ಟುಕೊಂಡು ಒದ್ದಾಡುತ್ತಿರುವವರಿಗೆ ನನ್ನ ಲೆಕ್ಕಾಚಾರ ಉಪಯೋಗಕ್ಕೆ ಬರಬಹುದು.

ವಯಸ್ಸು ಕೇಳಬೇಡಿ, ಓಟ ಕೇಳಿ

ಎಲ್ಲರೂ ಮೊದಲು ಕೇಳುವುದು "ಎಷ್ಟನೇ ಇಸವಿ ಗಾಡಿ?" ಅಂತ. ನನ್ನ ಪ್ರಕಾರ ಇದು ತಪ್ಪು ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ಎಷ್ಟು ಓಡಿದೆ ಅಂತ ಕೇಳಬೇಕು.

ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು ನೆನಪಿಸಿಕೊಳ್ಳಿ. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದಿದ್ದರಿಂದ 2023ರ ಅಕ್ಟೋಬರ್‌ಗೆ ರಸ್ತೆಯಿಂದ ಇಳಿಯಿತು. ಆ ಊರಿನ ಸೆಕೆ, ಮಳೆ, ಟ್ರಾಫಿಕ್ಕು ಎಲ್ಲವನ್ನೂ ಈ ಗಾಡಿಗಳು ತಿಂದು ತೇಗಿದ್ದವು. ದಿನಾ ಓಡುತ್ತಿದ್ದವು, ದಿನಾ ಯಾರೋ ಬಾನೆಟ್ ಎತ್ತಿ ನೋಡುತ್ತಿದ್ದರು, ಅಷ್ಟೇ ಗುಟ್ಟು.

ನಿಂತ ಗಾಡಿಯ ಕಥೆಯೇ ಬೇರೆ. ಟೈರ್ ಮೇಲಿನ ಬಟನ್‌ಗಳು ಹೊಸದರ ಹಾಗೇ ಕಾಣುತ್ತವೆ, ಬದಿಯ ರಬ್ಬರು ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ, ನೋಡಿ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಅಂಥ ಟೈರಿನಲ್ಲಿ ಹೈವೇ ಹತ್ತುವುದು ನನಗಂತೂ ಬೇಡ, ಸಾವಿರ ಕಿಲೋಮೀಟರ್ ಓಡಿಲ್ಲದಿದ್ದರೂ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಂಡು ಕೆಡುತ್ತದೆ. ಪೆಟ್ರೋಲಿನದ್ದೂ ಅದೇ ಕಥೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ತಳದಲ್ಲಿ ತುಕ್ಕು, ಕಾರ್ಬೊರೇಟರ್‌ನಲ್ಲಿ ಕಸ. ಹಳೇ ಕಾಲದ ರಬ್ಬರ್ ಪೈಪು, ವಾಷರುಗಳು ಇದಕ್ಕೆ ಅಂತ ಮಾಡಿದವಲ್ಲ, ಮೆತ್ತಗಾಗಿ ಸೋರತೊಡಗುತ್ತವೆ. ಬಿಸಿ ಇಂಜಿನ್ ಪಕ್ಕ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಬೇರೇನು ಮಾಡಿಸದಿದ್ದರೂ ಪರವಾಗಿಲ್ಲ, ದೂರ ಹೊರಡುವ ಮುಂಚೆ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಒಳ್ಳೇ ಹೋಟೆಲಿನಲ್ಲಿ ಮನೆಮಂದಿಯೆಲ್ಲ ಊಟ ಮಾಡಿದಷ್ಟೂ ಖರ್ಚಾಗುವುದಿಲ್ಲ.

ವಾರಕ್ಕೊಮ್ಮೆಯಾದರೂ 20–30 ಕಿಲೋಮೀಟರ್ ಓಡುತ್ತಿರುವ ಗಾಡಿಯಾದರೆ ಮುಂದೆ ಓದಿ. ಆಯುಧಪೂಜೆಗೆ ಮಾತ್ರ ನಿಂಬೆಹಣ್ಣು ಹತ್ತಿಸಿ ವಾಪಸ್ ಶೆಡ್ಡಿಗೆ ಸೇರುವ ಗಾಡಿಯಾದರೆ ಈ ವರ್ಷ ರೈಲಿನಲ್ಲಿ ಹೋಗಿ.

ಕಡೂರಿನ ಹತ್ತಿರ ಒಂದು ಮಧ್ಯಾಹ್ನ

ನಾನು ಪಾಠ ಕಲಿತದ್ದು ಒಂದು ಮಾರ್ಚ್ ಕೊನೆಯಲ್ಲಿ. ಬೆಳಿಗ್ಗೆ ಐದಕ್ಕೇ ಹೊರಡಬೇಕಿತ್ತು. ಹೆಂಡತಿ ಚಪಾತಿ ಕಟ್ಟಿ, ಅಮ್ಮ ದೇವರಿಗೆ ದೀಪ ಹಚ್ಚಿ, ನಾನು ಟೈರಿಗೆ ಗಾಳಿ ಹಾಕಿಸಿಕೊಂಡು ಬರುವ ಹೊತ್ತಿಗೆ ಎಂಟು. ತುಮಕೂರು, ತಿಪಟೂರು, ಅರಸೀಕೆರೆ ಆರಾಮಾಗಿ ದಾಟಿತು. ಕಡೂರು ಇನ್ನೇನು ಬಂತು ಅನ್ನುವಾಗ, ಬಿಸಿಲು ನೆತ್ತಿ ಮೇಲೆ, ಗಾಡಿ ಎರಡು ಸಲ ಜರ್ಕ್ ಹೊಡೆದು ನಿಂತಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ.

ಹಿಂದಿನ ಸೀಟಿನಿಂದ ಅಮ್ಮ ನಿಧಾನಕ್ಕೆ ಹೇಳಿದರು. "ಬಾನೆಟ್ ಎತ್ತು. ಡಿಕ್ಕಿಯಲ್ಲಿ ಪಂಚೆ ತುಂಡಿದೆ ನೋಡು."

ಇತ್ತು. ಅಪ್ಪನ ಹಳೇ ಪಂಚೆಯ ಒಂದು ಮೊಳ ಬಟ್ಟೆ, ಗ್ರೀಸ್ ಹತ್ತಿ ಕಂದಾಗಿತ್ತು. ಜಾಕ್ ಪಕ್ಕದಲ್ಲಿ ಮಡಿಸಿಟ್ಟಿದ್ದರು. ಅದನ್ನು ನೀರಿನಲ್ಲಿ ಅದ್ದಿ ಫ್ಯೂಯೆಲ್ ಪಂಪಿಗೆ ಸುತ್ತಿದೆ. ಚುಂಯ್ ಅಂತು. ಪದ್ಮಿನಿಯ ಪಂಪು ಇಂಜಿನ್ ಮೈಗೇ ಅಂಟಿಕೊಂಡಿರುತ್ತದೆ. ಬಿಸಿಲಲ್ಲಿ, ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ಗಾಳಿಗುಳ್ಳೆ ಕಟ್ಟುತ್ತದೆ. ಪಂಪು ಗಾಳಿಯನ್ನು ತಳ್ಳಲಾರದೆ ಕೈಚೆಲ್ಲುತ್ತದೆ. ಗ್ಯಾರೇಜಿನವರು ಇದಕ್ಕೆ ಏರ್ ಲಾಕ್ ಅನ್ನುತ್ತಾರೆ. ರಿಪೇರಿ ಏನೂ ಇಲ್ಲ, ತಣ್ಣಗಾಗುವವರೆಗೆ ಕಾಯಬೇಕು. ತೆಂಗಿನ ತೋಟದ ಬೇಲಿ ಪಕ್ಕ ನಲವತ್ತು ನಿಮಿಷ ಚಪಾತಿ ತಿನ್ನುತ್ತಾ ಕೂತೆವು. ದಾರಿಯಲ್ಲಿ ಹೋಗುವವರು ಐದು ಜನ ನಿಲ್ಲಿಸಿದರು. ಇಬ್ಬರು ಸಹಾಯ ಬೇಕಾ ಅಂತ ಕೇಳಿದರು, ಮೂವರು ಕೊಡ್ತೀರಾ ಅಂತ ಕೇಳಿದರು.

ಆಮೇಲೆ ಸ್ಟಾರ್ಟ್ ಆಯಿತು. ನಮಗೆ ತೊಂದರೆ ಏನೂ ಆಗಲಿಲ್ಲ, ಯಾಕೆಂದರೆ ಆ ದಿನ ಯಾರೂ ನಮಗಾಗಿ ಕಾಯುತ್ತಿರಲಿಲ್ಲ. ಇದೇ ದಾರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೋಗುತ್ತಿದ್ದು, ಮುಹೂರ್ತ ಹನ್ನೊಂದೂವರೆಗೆ ಇದ್ದಿದ್ದರೆ? ನಾನೀಗ ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಆ ಕಡೆ ಮುಹೂರ್ತ, ಆಸ್ಪತ್ರೆ, ಇಂಟರ್‌ವ್ಯೂ, ವಿಮಾನ ಇಂಥದ್ದೇನಾದರೂ ಇದ್ದರೆ ಪ್ರೀತಿಯ ಗಾಡಿ ಮನೆಯಲ್ಲೇ ಇರಲಿ. ಗಾಡಿ ಕೆಟ್ಟಿದ್ದಕ್ಕಿಂತ ಹೊತ್ತು ಮೀರಿದ್ದು ಜಾಸ್ತಿ ಸುಡುತ್ತದೆ.

ಎರಡು ಗಾಡಿ ಎದುರುಬದುರು

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಹೋಗಿ ಬಂದು, ಅಲ್ಲಿ ಇಲ್ಲಿ ಸುತ್ತಿ 1,100 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ನಮ್ಮ ಪದ್ಮಿನಿ ಲೀಟರಿಗೆ 12 ಕೊಡುತ್ತದೆ, ದಿನಬಳಕೆ ಕಾರು 17. ಒಂದಕ್ಕೆ 92 ಲೀಟರ್, ಇನ್ನೊಂದಕ್ಕೆ 65. ಲೀಟರಿಗೆ 103 ರೂಪಾಯಿಯ ಲೆಕ್ಕದಲ್ಲಿ ವ್ಯತ್ಯಾಸ 2,800 ರೂಪಾಯಿ ಆಸುಪಾಸು. ಇಷ್ಟಕ್ಕಾಗಿ ಯಾರೂ ನಿರ್ಧಾರ ಬದಲಿಸಬೇಕಿಲ್ಲ. ಹೊರಡುವ ಮುಂಚಿನ ಸರ್ವೀಸಿನ ಖರ್ಚು ಬೇರೆ. ಅದು ಹೇಗೂ ಮಾಡಿಸಲೇಬೇಕಾದದ್ದು, ಪ್ರವಾಸದ ತಲೆಗೆ ಕಟ್ಟಬೇಡಿ.

ಹೊತ್ತಿನ ಲೆಕ್ಕ ಮಾತ್ರ ದೊಡ್ಡದು. ಪದ್ಮಿನಿಯದ್ದು 1089 ಸಿಸಿ ಇಂಜಿನ್, 40 ಕುದುರೆ ಶಕ್ತಿಯ ಆಸುಪಾಸು, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರು, ಅದೂ ನಾಲ್ಕೇ. 60ರಿಂದ 65ರಲ್ಲಿ ಹಾಡುತ್ತಾ ಹೋಗುತ್ತದೆ. 80 ದಾಟಿಸಿದರೆ ಕಿರುಚುತ್ತದೆ. ಶಿವಮೊಗ್ಗ ರಸ್ತೆ ಹಲವು ಕಡೆ ನಾಲ್ಕು ಪಥ ಆಗಿರುವುದು ಹೊಸ ಕಾರಿಗೆ ವರ, ಇದಕ್ಕೆ ಅಷ್ಟೇನಲ್ಲ. ಹಿಂದಿನಿಂದ ಬಸ್ಸು ಹೆಡ್‌ಲೈಟ್ ಮಿಣುಕಿಸುತ್ತಾ ಬರುವಾಗ 60ರಲ್ಲಿ ಹೋಗುವವನ ಬೆನ್ನು ಬೆವರುತ್ತದೆ. ದಿನಬಳಕೆ ಕಾರಿನಲ್ಲಿ ಒಂಬತ್ತು ಹತ್ತು ಗಂಟೆಗೆ ಹೊನ್ನಾವರ. ಪದ್ಮಿನಿಯಲ್ಲಿ ಒಂದೇ ದಿನಕ್ಕೆ ಮುಟ್ಟುತ್ತೇನೆ ಅನ್ನುವ ಹಟ ಬೇಡ. ಸಾಗರದಲ್ಲಿ ರಾತ್ರಿ ಉಳಿದುಬಿಡಿ. ಬೆಳಿಗ್ಗೆ ಜೋಗ ನೋಡಿಕೊಂಡು, ತಣ್ಣನೆಯ ಹೊತ್ತಿನಲ್ಲಿ ಗೇರುಸೊಪ್ಪೆ ಘಾಟಿ ಇಳಿಯಿರಿ.

ಘಾಟಿ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಹತ್ತುವಾಗ ಇಂಜಿನ್ ಬಿಸಿಯಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ಇಳಿಯುವಾಗ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಂದೇ ಸಮ ಒತ್ತುತ್ತಾ ಇಳಿದರೆ ಡ್ರಮ್ಮು ಕಾದು ಹಿಡಿತ ಸಡಿಲವಾಗುತ್ತದೆ. ಪೆಡಲು ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಅನ್ನುವುದು ಲಾರಿ ಡ್ರೈವರುಗಳ ಹಳೇ ಮಾತು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಇಳಿಸುವ ಚಟ ಇದ್ದರೆ ಈ ಗಾಡಿ ನಿಮಗಲ್ಲ. ಹೊಸ ಕಾರಿನಲ್ಲಿ ಮುಂದೆ ಡಿಸ್ಕ್ ಬ್ರೇಕ್, ಚಕ್ರ ಜಾಮ್ ಆಗದ ಹಾಗೆ ತಡೆಯುವ ಎಬಿಎಸ್ ಇರುತ್ತದೆ, ಇಷ್ಟೆಲ್ಲ ಯೋಚನೆಯೇ ಬರುವುದಿಲ್ಲ.

ಸುರಕ್ಷತೆಯಲ್ಲಿ ಹಳೇ ಗಾಡಿ ಸೋಲುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಏರ್‌ಬ್ಯಾಗ್ ಇಲ್ಲ, ನಮ್ಮ ಗಾಡಿಯ ಹಿಂದಿನ ಸೀಟಿಗೆ ಬೆಲ್ಟಿಲ್ಲ, ಮಗುವಿನ ಸೀಟು ಕಟ್ಟಲು ಜಾಗವಿಲ್ಲ. "ಆ ಕಾಲದ ತಗಡು ಎಷ್ಟು ದಪ್ಪ ಗೊತ್ತಾ" ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ತಗಡು ದಪ್ಪ ಇದ್ದರೆ ಏಟು ಒಳಗೆ ಕೂತವರಿಗೆ ಬೀಳುತ್ತದೆ. ಹೊಸ ಕಾರಿನ ಮೂತಿ ಸುಲಭಕ್ಕೆ ನಜ್ಜುಗುಜ್ಜಾಗುವುದು ಆ ಏಟನ್ನು ತಾನೇ ತಿನ್ನಲಿಕ್ಕೆ. ನನ್ನ ತಂಗಿಯ ಮಗು ಎರಡು ವರ್ಷದ್ದು. ಅದನ್ನು ಪದ್ಮಿನಿಯಲ್ಲಿ ಲಾಲ್‌ಬಾಗ್‌ವರೆಗೆ ಕರೆದೊಯ್ಯುತ್ತೇನೆ, ಹೈವೇಗೆ ಇಲ್ಲ. ರಾತ್ರಿ ಪ್ರಯಾಣವೂ ಇಲ್ಲ. ಆ ಹೆಡ್‌ಲೈಟು ಎದುರಿನವರಿಗೆ ನಾವಿದ್ದೇವೆ ಅಂತ ತೋರಿಸುತ್ತದೆಯೇ ಹೊರತು ನಮಗೆ ರಸ್ತೆ ತೋರಿಸುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಯಾಕೆ ಹೋಗಬೇಕು ಅಂತ ಕೇಳಬಹುದು. ದಿನಬಳಕೆ ಕಾರಿನಲ್ಲಿ ಹೋದಾಗ ದಾರಿ ನೆನಪಿರುವುದಿಲ್ಲ. ಕಿಟಕಿ ಮುಚ್ಚಿ, ಏಸಿ ಹಾಕಿ, ಮಕ್ಕಳು ಫೋನ್ ನೋಡುತ್ತಾ ಕೂತರೆ ಹೊನ್ನಾವರ ಬಂದೇಬಿಡುತ್ತದೆ. ಪದ್ಮಿನಿಯಲ್ಲಿ ಹೋದಾಗ ತರೀಕೆರೆ ಹತ್ತಿರ ಆಲೆಮನೆಯ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬಂತು. ಟೀ ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ, ತಮ್ಮ ಮದುವೆ ಮೆರವಣಿಗೆ ಇಂಥದ್ದೇ ಗಾಡಿಯಲ್ಲಿ ಆಗಿತ್ತು ಅಂತ ಅರ್ಧ ಗಂಟೆ ಕಥೆ ಹೇಳಿದರು. ಅಮ್ಮ ಹಿಂದಿನ ಸೀಟಿನಲ್ಲಿ ಎಡಗಡೆಯೇ ಕೂರುತ್ತಾರೆ. ಅಪ್ಪ ಓಡಿಸುವಾಗ ಅಲ್ಲಿಂದ ಅವರ ಕಿವಿ ಕಾಣುತ್ತಿತ್ತಂತೆ.

ರೈಲು, ಬಾಡಿಗೆ ಕಾರು, ಲಾರಿ

ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕರಾವಳಿಯಲ್ಲಿರುತ್ತೀರಿ. ಮಲಗಿಕೊಂಡು ಹೋಗಬಹುದು, ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಒಂದೇ, ರಜೆ ದಿನಗಳಲ್ಲಿ ಟಿಕೆಟ್ ಸಿಗುವುದಿಲ್ಲ. ಅಲ್ಲಿ ಓಡಾಡಲು ಆಟೋ ಇದೆ, ಚಿಕ್ಕಪ್ಪನ ಸ್ಕೂಟರ್ ಇದೆ.

ನಾವೇ ಓಡಿಸುವ ಬಾಡಿಗೆ ಕಾರು, ಅಂದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಂಕಿಯದ್ದು, ಮನೆಯಲ್ಲಿ ಎರಡನೇ ಕಾರು ಇಲ್ಲದವರಿಗೆ ಸರಿ. ತೆಗೆದುಕೊಳ್ಳುವಾಗಲೇ ಗೀರುಗಳ ವಿಡಿಯೋ ಮಾಡಿಟ್ಟುಕೊಳ್ಳಿ. ನಾನು ಒಮ್ಮೆ ಮಾಡದೆ, ಯಾರೋ ಉಜ್ಜಿದ ಬಂಪರಿಗೆ ಡೆಪಾಸಿಟ್ ಕಳೆದುಕೊಂಡೆ.

ಲಾರಿ ಮೇಲೆ ಸಾಗಿಸುವುದು ಮೊದಲ ನೋಟಕ್ಕೆ ಜಾಣತನ ಅನ್ನಿಸುತ್ತದೆ. ಆದರೆ ಲಾರಿ ಖಾಲಿ ವಾಪಸ್ ಬರುವ ಖರ್ಚೂ ನಮ್ಮದೇ ತಲೆಗೆ. ಕಟ್ಟುವಾಗ, ಇಳಿಸುವಾಗ ಬಂಪರ್ ಬಾಗುವ ಭಯ. ಗಾಡಿಯನ್ನು ಊರಲ್ಲೇ ಬಿಟ್ಟುಬರುವುದಾದರೆ, ಅಥವಾ ದೂರದ ರ‍್ಯಾಲಿಗೆ ಒಯ್ಯುವುದಾದರೆ ಸರಿ. ಊರಿಗೆ ಹೋಗಿಬರಲು ಸುಮ್ನೆ ದಂಡ.

ಕಾಗದಪತ್ರ

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು ಮಾಡಿಸಿ ಮುಂದುವರಿಸಬೇಕು. ನಮ್ಮದು 2027ಕ್ಕೆ ಮತ್ತೆ ಬರುತ್ತದೆ. ಎಮಿಷನ್ ಸರ್ಟಿಫಿಕೇಟು, ಇನ್ಶೂರೆನ್ಸು, ಫಾಸ್ಟ್ಯಾಗು ಎಲ್ಲರಿಗೂ ಗೊತ್ತಿರುವುದೇ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಒಂದಿದೆ. 50 ವರ್ಷ ದಾಟಿದ ಗಾಡಿಯನ್ನು 2021ರಲ್ಲಿ ಬಂದ ನಿಯಮದಂತೆ ವಿಂಟೇಜ್ ಅಂತ ನೋಂದಾಯಿಸಿದರೆ ವಿಎ ಅಕ್ಷರದ ನಂಬರ್ ಸಿಗುತ್ತದೆ. ನೋಡಲು ಗತ್ತು. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು. ಅಜ್ಜನ ಮನೆಗೆ ಹೋಗುವುದು ಆ ಪಟ್ಟಿಯಲ್ಲಿಲ್ಲ. ಪ್ರವಾಸದ ಆಸೆ ಇರುವವರು ನಂಬರ್ ಬದಲಿಸುವ ಮುಂಚೆ ಯೋಚಿಸಿ. ದಿಲ್ಲಿ ಕಡೆ ಹೋಗುವ ಉದ್ದೇಶ ಇದ್ದರೆ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಅಲ್ಲಿ ಆಗಿನ ನಿಯಮ ಏನಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಇನ್ಶೂರೆನ್ಸಿನಲ್ಲಿ ಇನ್ನೊಂದು ಕೊಕ್ಕೆ. ಇಂಥ ಗಾಡಿಗೆ ಬಹಳ ಜನ ಥರ್ಡ್ ಪಾರ್ಟಿ ಮಾತ್ರ ಮಾಡಿಸಿರುತ್ತಾರೆ. ನಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕಷ್ಟೇ ಅದು. ನಮ್ಮ ಗಾಡಿ ಜಖಂ ಆದರೆ ಪೂರ್ತಿ ನಮ್ಮ ಜೇಬು. ಟಿಂಕರಿಂಗ್, ಪೇಂಟು ಅಂತ ಲಕ್ಷ ದಾಟುವುದು ಕಷ್ಟವೇನಲ್ಲ. ಟೋಯಿಂಗ್ ನಂಬರೊಂದನ್ನು ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ, ಹುಡುಕುತ್ತಾ ಕೂರಲು ಆಗುವುದಿಲ್ಲ.

ಬೇರೆ ಥರದ ಪ್ರೀತಿಯ ಗಾಡಿಗಳು

ಮಾರುತಿ 800 ಇರುವವರ ಕೆಲಸ ನಮಗಿಂತ ಸುಲಭ. ಆ ಗಾಡಿಯನ್ನು 2014ರ ಆರಂಭದವರೆಗೂ ತಯಾರಿಸುತ್ತಿದ್ದರು, ಸಣ್ಣ ಊರಿನ ಗ್ಯಾರೇಜಿನಲ್ಲೂ ಕೈ ಪಳಗಿದವರಿದ್ದಾರೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ನೆನಪಿಲ್ಲದಿದ್ದರೆ ಬದಲಿಸಿಯೇ ಹೊರಡಿ. ಪದ್ಮಿನಿಯವರು ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಒಂದು ಸುತ್ತು ಹೋಗಿ ಫ್ಯಾನ್ ಬೆಲ್ಟು, ಪ್ಲಾಟಿನಂ ಪಾಯಿಂಟು, ಕಂಡೆನ್ಸರ್, ರೇಡಿಯೇಟರ್ ಹೋಸ್ ತಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. ಸಾಗರದಲ್ಲಿ ಬದಲಿಸುವ ಮೆಕ್ಯಾನಿಕ್ ಸಿಗುತ್ತಾರೆ, ಪಾರ್ಟ್ ಸಿಗುವುದು ಕಷ್ಟ.

ಹೊಸ ದುಬಾರಿ ಕಾರೂ ಪ್ರೀತಿಯ ಗಾಡಿಯೇ. ನನ್ನ ಭಾವನದ್ದು ಅಂಥದ್ದು. ಹೋಮ್‌ಸ್ಟೇ ಮಣ್ಣುದಾರಿಯಲ್ಲಿ ಲಂಟಾನ ಪೊದೆ ಉಜ್ಜಿದ ಸದ್ದಿಗೆ ಅವರ ಮುಖ ನೋಡಬೇಕಿತ್ತು. ಮೂರು ದಿನವೂ ಗೀರಿನ ಮಾತೇ. ಅಂಥವರು ಬಾಡಿಗೆ ಕಾರಿನಲ್ಲಿ ಹೋಗುವುದು ಮನೆಯವರಿಗೆಲ್ಲ ಕ್ಷೇಮ.

ಮೂರು ಭಾನುವಾರ

ಹೋಗೋಣ ಅಂತ ಅರ್ಧ ಮನಸ್ಸು ಮಾಡಿದ್ದರೆ, ಹೊರಡುವ ಮುಂಚೆ ಮೂರು ಭಾನುವಾರ ಗಾಡಿಗೆ ಕೊಡಿ. ಮೊದಲನೆಯದು ಊರೊಳಗೆ 40 ಕಿಲೋಮೀಟರ್, ಟ್ರಾಫಿಕ್ಕಿನಲ್ಲಿ. ಬಿಸಿಯಾಗುವ ಗಾಡಿ ಇಲ್ಲೇ ಗೊತ್ತಾಗುತ್ತದೆ. ಎರಡನೆಯದು ದೇವರಾಯನದುರ್ಗ. ತುಮಕೂರಿನ ಪಕ್ಕದ ಆ ಸಣ್ಣ ಘಾಟಿ ಗೇರುಸೊಪ್ಪೆಯ ಮರಿ ಇದ್ದ ಹಾಗೆ. ಹತ್ತಿ ಇಳಿದ ಮೇಲೆ ನಾಲ್ಕು ಚಕ್ರದ ಹತ್ತಿರವೂ ಕೈ ತಂದು ನೋಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ. ಮೂರನೆಯದು ನಿಲ್ಲಿಸದೆ ನೂರೈವತ್ತು ಕಿಲೋಮೀಟರ್. ಮಾರನೇ ದಿನ ಬೆಳಿಗ್ಗೆ ಗಾಡಿ ಕೆಳಗೆ ಹಾಸಿದ ಹಳೇ ಪೇಪರ್ ನೋಡಿ. ಏನು ಸೋರಿದೆ, ಎಲ್ಲಿಂದ ಸೋರಿದೆ ಅಂತ ಅದೇ ಹೇಳುತ್ತದೆ. ಮೂರರಲ್ಲಿ ಒಂದರಲ್ಲಿ ತಳ್ಳಿಕೊಂಡು ಬಂದರೂ ಈ ವರ್ಷಕ್ಕೆ ಬಿಡಿ.

ತಿಂಗಳೂ ಮುಖ್ಯ. ಜೋಗ ನೋಡಲು ಮಳೆಗಾಲ ಚೆಂದ, ಆದರೆ ಪದ್ಮಿನಿಯ ವೈಪರು ಮಲೆನಾಡಿನ ಮಳೆಗೆ ಸಾಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಡೂರಿನ ಕಥೆ ಆಗಲೇ ಹೇಳಿದೆ. ನವೆಂಬರಿನಿಂದ ಜನವರಿ ಸರಿ. ಜೋಗದಲ್ಲಿ ನೀರು ಕಡಿಮೆ ಇರುತ್ತದೆ, ಅಷ್ಟು ಬಿಟ್ಟುಕೊಡಬೇಕು. ಕರಾವಳಿಯ ಉಪ್ಪುಗಾಳಿಗೆ ಹಳೇ ತಗಡು ಬೇಗ ತುಕ್ಕು ಹಿಡಿಯುತ್ತದೆ, ವಾಪಸ್ ಬಂದ ಮಾರನೇ ದಿನವೇ ಅಡಿಭಾಗ ತೊಳೆಸಿ.

ಈ ಡಿಸೆಂಬರ್‌ಗೆ ನಾವು ಮಾಡಿರುವ ಏರ್ಪಾಡು ಹೀಗೆ. ಪದ್ಮಿನಿಯಲ್ಲಿ ನಾನು ಮತ್ತು ತಮ್ಮ, ಎರಡು ದಿನದ ದಾರಿ. ದಿನಬಳಕೆ ಕಾರಿನಲ್ಲಿ ನನ್ನ ಹೆಂಡತಿ, ತಂಗಿ, ಮಕ್ಕಳು. ಅಮ್ಮನಿಗೆ ರೈಲಿನಲ್ಲಿ ಕೆಳಗಿನ ಬರ್ತ್ ಬುಕ್ ಮಾಡಿದ್ದೆ, ಜೊತೆಗೆ ಅತ್ತೆ ಇರುತ್ತಾರೆ. ನಿನ್ನೆ ಸಂಜೆ ಡಿಕ್ಕಿ ತೆಗೆದು ನೋಡಿದರೆ ಪಂಚೆ ತುಂಡು ಒಗೆದು, ಒಣಗಿಸಿ, ಜಾಕ್ ಪಕ್ಕ ಮಡಿಸಿಟ್ಟಿದೆ. ಹಿಂದಿನ ಸೀಟಿನ ಎಡಗಡೆ ಒಂದು ದಿಂಬು ಬೇರೆ ಬಂದು ಕೂತಿದೆ. ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಎಷ್ಟು ಕಟ್ ಆಗುತ್ತದೆ ಅಂತ ಈಗ ನೋಡುತ್ತಿದ್ದೇನೆ.